ಬೂಟಿನಲ್ಲಿ ಚೂರಿ ಇಟ್ಟುಕೊಂಡ ಆ ಹೆಂಗಸು ನಿಜಕ್ಕೂ ಗಾಯಕಿಯೇ?

ಪ್ರಶ್ನೆ: ಹಳೆಯ ಜೇಮ್ಸ್ ಬಾಂಡ್ ಸಿನಿಮಾ 'ಫ್ರಮ್ ರಷ್ಯಾ ವಿತ್ ಲವ್' ನೋಡಿದೆ. ಅದರಲ್ಲಿ ಬೂಟಿನ ತುದಿಯಿಂದ ವಿಷದ ಚೂರಿ ಹೊರಬರುವ ರೋಜಾ ಕ್ಲೆಬ್ ಎಂಬ ಪಾತ್ರ ಇದೆ. ಆ ಪಾತ್ರ ಮಾಡಿದ ಲೋಟೆ ಲೆನ್ಯಾ ಒಂದು ಕಾಲದಲ್ಲಿ ಬರ್ಲಿನ್ನಿನ ಹೆಸರಾಂತ ಕ್ಯಾಬರೆ ಗಾಯಕಿ ಎಂದು ಗೆಳೆಯರು ಹೇಳಿದರು. ಹುಡುಕಿ ಕೇಳಿದೆ. ದನಿ ಒಡೆದ ಹಾಗಿದೆ, ಇಂಪೇ ಇಲ್ಲ. ಇವರಿಗೆ ಇಷ್ಟು ಹೆಸರು ಹೇಗೆ ಬಂತು? ಗಂಡ ದೊಡ್ಡ ಸಂಗೀತಗಾರ ಅನ್ನೋ ಕಾರಣಕ್ಕಾ?

ಉತ್ತರ: ಹೌದು, ಅವರೇ ಲೆನ್ಯಾ. ಆ ಸಿನಿಮಾ ಬಂದದ್ದು 1963ರಲ್ಲಿ. ಆಗ ಅವರಿಗೆ ಅರವತ್ತೈದರ ಹತ್ತಿರ. ತೆರೆಯ ಮೇಲೆ ಅವರು ಕಾಣಿಸಿಕೊಳ್ಳುವುದು ಸ್ವಲ್ಪ ಹೊತ್ತು ಮಾತ್ರ. ಆದರೂ ಪ್ರಪಂಚದ ಮುಕ್ಕಾಲು ಜನ ಅವರನ್ನು ಗುರುತಿಸುವುದು ಆ ಬೂಟಿನಿಂದಲೇ. ಆ ಸಿನಿಮಾ ಆದಮೇಲೆ ಹೊಸದಾಗಿ ಪರಿಚಯ ಆದವರೆಲ್ಲ ಮೊದಲು ತಮ್ಮ ಕಾಲಿನ ಕಡೆ ನೋಡುತ್ತಾರೆ ಎಂದು ಲೆನ್ಯಾ ಹೇಳುತ್ತಿದ್ದರಂತೆ.

ನಾನು ನಟರಿಗೆ ಹಾಡು ಕಲಿಸುವವನು. ಲೆನ್ಯಾ ಅವರ ಧ್ವನಿಮುದ್ರಿಕೆಗಳನ್ನು ಕ್ಲಾಸಿನಲ್ಲಿ ಕೇಳಿಸಿದಾಗಲೆಲ್ಲ ನೀವು ಕೇಳಿದ ಪ್ರಶ್ನೆಯೇ ಬರುತ್ತದೆ. "ಸಾರ್, ಇವರಿಗೆ ದನಿ ಎಲ್ಲಿದೆ?" ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು 'ಕ್ಯಾಬರೆ' ಅನ್ನೋ ಮಾತು. ನಮ್ಮ ಎಪ್ಪತ್ತರ ದಶಕದ ಸಿನಿಮಾಗಳು ಈ ಪದಕ್ಕೆ ಒಂದೇ ಅರ್ಥ ಕೊಟ್ಟುಬಿಟ್ಟವು. ಮಂದ ಬೆಳಕು, ಮಿರಮಿರ ಉಡುಪು, ಕುಣಿತ, ಮೂಲೆಯಲ್ಲಿ ಗ್ಲಾಸು ಹಿಡಿದು ಕೂತ ಖಳನಾಯಕ. ಮೂಲದಲ್ಲಿ ಅದು ಬೇರೆಯೇ. 1881ರಲ್ಲಿ ಪ್ಯಾರಿಸ್ಸಿನಲ್ಲಿ 'ಷಾ ನ್ವಾರ್', ಅಂದರೆ 'ಕರಿ ಬೆಕ್ಕು', ಎಂಬ ಜಾಗ ಶುರುವಾಯಿತು. ಅಲ್ಲಿಗೆ ಕವಿಗಳು, ಚಿತ್ರಕಾರರು, ಹಾಡುಗಾರರು ಬರುತ್ತಿದ್ದರು. ಒಂದು ಸಣ್ಣ ಕೋಣೆ, ನಾಲ್ಕಾರು ಮೇಜು, ಒಂದು ಪಿಯಾನೋ. ಹೊಸ ಪದ್ಯ ಓದುವುದು, ದೊಡ್ಡವರನ್ನು ಹಾಡಿನಲ್ಲೇ ಗೇಲಿ ಮಾಡುವುದು. 1901ರಲ್ಲಿ ಇದು ಬರ್ಲಿನ್ನಿಗೂ ಬಂತು. ಮೊದಲ ಮಹಾಯುದ್ಧ ಸೋತು ಚಕ್ರವರ್ತಿ ಹೋದಮೇಲೆ ಜರ್ಮನಿಯಲ್ಲಿ ಸೆನ್ಸಾರಿನ ಬಿಗಿ ಸಡಿಲವಾಯಿತು. ಆಗ ಈ ಹಾಡುಗಳಿಗೆ ಇನ್ನಷ್ಟು ಹರಿತ ಬಂತು. ಇಲ್ಲಿ ಹಾಡುವವರಿಗೆ ಇಂಪಾದ ಕಂಠಕ್ಕಿಂತ ಮಾತಿನ ಮೊನೆ ಮುಖ್ಯ. ಮೇಜಿನ ಆಚೆ ಕೂತವರಿಗೆ ಪ್ರತಿ ಪದ ತಾಗಬೇಕು.

ಲೆನ್ಯಾ ಆ ಕಾಲದಲ್ಲಿ ಬರ್ಲಿನ್ನಿನಲ್ಲಿ ಹೆಸರು ಮಾಡಿದ್ದು ಇಂಥ ಕೋಣೆಗಳಲ್ಲಿ ಅಲ್ಲ, ನಾಟಕದಲ್ಲಿ. ಅವರ ಗಂಡ ಕುರ್ಟ್ ವೈಲ್ ಮತ್ತು ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಸೇರಿ ಕ್ಯಾಬರೆ ಹಾಡಿನ ಧಾಟಿಯನ್ನು ದೊಡ್ಡ ರಂಗಮಂದಿರಕ್ಕೆ ತಂದರು. ಆ ಧಾಟಿಗೆ ಲೆನ್ಯಾ ಮುಖವಾದರು. ಅಲ್ಲಿಂದ 'ಕ್ಯಾಬರೆ ಗಾಯಕಿ' ಎಂಬ ಹೆಸರು ಅಂಟಿಕೊಂಡಿತು. ನೈಟ್‌ಕ್ಲಬ್ಬಿನಲ್ಲಿ ಅವರು ಹಾಡಿದ್ದೂ ಉಂಟು. ಆದರೆ ಅದು 1938ರಲ್ಲಿ, ನ್ಯೂಯಾರ್ಕಿನ 'ಲೆ ರುಬಾ ಬ್ಲ್ಯೂ' ಎಂಬಲ್ಲಿ, ದೇಶ ಬಿಟ್ಟು ಬಂದಮೇಲೆ.

ಅವರು ಹುಟ್ಟಿದ್ದು 1898ರ ಅಕ್ಟೋಬರ್ 18ರಂದು, ವಿಯೆನ್ನಾದ ಪೆನ್ಸಿಂಗ್ ಎಂಬ ಬಡವರ ಕೇರಿಯಲ್ಲಿ. ಹುಟ್ಟುಹೆಸರು ಕರೋಲಿನಾ ಬ್ಲಾಮೌವರ್. ಅಪ್ಪ ಕುದುರೆಗಾಡಿ ಓಡಿಸುತ್ತಿದ್ದ, ಅಮ್ಮ ಊರವರ ಬಟ್ಟೆ ಒಗೆಯುತ್ತಿದ್ದಳು. ಇವಳಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿ ತೀರಿಕೊಂಡಿತ್ತು. ಅದರ ಹೆಸರೂ ಕರೋಲಿನಾ. ಸತ್ತ ಮಗುವಿನ ಹೆಸರನ್ನೇ ಇವಳಿಗೂ ಇಟ್ಟರು. ಅಪ್ಪನಿಗೆ ಆ ಮೊದಲನೇ ಮಗುವೆಂದರೆ ಜೀವ. ಕುಡಿದು ಬಂದ ರಾತ್ರಿ ಇವಳನ್ನು ಎಬ್ಬಿಸಿ ಹಾಡಿಸುತ್ತಿದ್ದ. ಹಾಡು ಬರಲಿಲ್ಲ ಅಂದರೆ ಹೊಡೆತ. ಹಾಡಿನ ಮೊದಲ ಪಾಠ ಇದು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮನೆಯ ಹತ್ತಿರ ಒಂದು ಸಣ್ಣ ಸರ್ಕಸ್ ಇತ್ತು. ಹುಡುಗಿ ಅಲ್ಲಿ ಕುಣಿದಳು, ಹಗ್ಗದ ಮೇಲೆ ನಡೆಯುವುದನ್ನೂ ಕಲಿತಳು. ಹದಿಹರೆಯದಲ್ಲಿ ಸಂಬಂಧಿಕರೊಬ್ಬರ ಆಸರೆಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗಿ ಅಲ್ಲಿನ ನಾಟಕಮಂದಿರದಲ್ಲಿ ಬ್ಯಾಲೆ ಕಲಿತಳು. ಅಲ್ಲಿ ರಿಚರ್ಡ್ ರೆವಿ ಎಂಬ ನಿರ್ದೇಶಕರು ಅವಳಿಗೆ ನಟನೆ ಹೇಳಿಕೊಟ್ಟರು. 1921ರಲ್ಲಿ ಹೊಸ ಹೆಸರು ಇಟ್ಟುಕೊಂಡು ಬರ್ಲಿನ್ನಿಗೆ ಬಂದರು. ಗಮನಿಸಿ, ಇಲ್ಲಿಯವರೆಗೆ ಸಂಗೀತದ ಶಾಸ್ತ್ರೀಯ ಪಾಠ ಅವರಿಗೆ ಆಗಿರಲಿಲ್ಲ. ಸ್ವರಲಿಪಿ ಓದಲು ಕೊನೆಯವರೆಗೂ ಬರಲಿಲ್ಲ.

ಬರ್ಲಿನ್ನಿನಲ್ಲಿ ಮೊದಲು ಕೆಲಸವೇ ಇಲ್ಲ. 1922ರಲ್ಲಿ ಮಕ್ಕಳ ಬ್ಯಾಲೆಯೊಂದಕ್ಕೆ ಪರೀಕ್ಷೆ ಕೊಡಲು ಹೋದರು. ಅದರ ಸಂಗೀತ ಬರೆದ ಕುರ್ಟ್ ವೈಲ್ ವೇದಿಕೆಯ ಕೆಳಗೆ, ವಾದ್ಯದವರು ಕೂರುವ ತಗ್ಗಿನಲ್ಲಿ ಕೂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲೇ ಇಲ್ಲ. ಆಮೇಲೆ ನಾಟಕಕಾರ ಗೇಯಾರ್ಗ್ ಕೈಸರ್ ಅವರ ಮನೆಯಲ್ಲಿ ಲೆನ್ಯಾಗೆ ಆಶ್ರಯ ಸಿಕ್ಕಿತು. ಬರ್ಲಿನ್ ಹೊರಗೆ, ಗ್ರ್ಯೂನ್‌ಹೈಡೆಯ ಕೆರೆಯ ದಡದಲ್ಲಿದ್ದ ಮನೆ ಅದು. ಮಕ್ಕಳನ್ನು ನೋಡಿಕೊಳ್ಳುವುದು, ಮನೆಗೆಲಸಕ್ಕೆ ಕೈಹಾಕುವುದು, ಹೀಗೆ ಮನೆಯವರಂತೆಯೇ ಇದ್ದರು. 1924ರಲ್ಲಿ ಒಂದು ದಿನ ಕೈಸರ್, "ಸ್ಟೇಷನ್ನಿಗೆ ಒಬ್ಬ ಸಂಗೀತಗಾರ ಬರ್ತಾನೆ, ಕರಕೊಂಡು ಬಾ" ಎಂದು ಕಳಿಸಿದರು. ಲೆನ್ಯಾ ದೋಣಿ ಹುಟ್ಟು ಹಾಕಿಕೊಂಡು ಕೆರೆ ದಾಟಿ ಹೋದರು. ದಪ್ಪ ಕನ್ನಡಕದ, ಕುಳ್ಳಗಿನ ಯುವಕ ನಿಂತಿದ್ದರು. ಅವರೇ ವೈಲ್. 1926ರ ಜನವರಿಯಲ್ಲಿ ಇಬ್ಬರೂ ಮದುವೆಯಾದರು.

1927ರ ಜುಲೈನಲ್ಲಿ ಬಾಡೆನ್-ಬಾಡೆನ್ ಊರಿನ ಸಂಗೀತೋತ್ಸವದಲ್ಲಿ ವೈಲ್ ಮತ್ತು ಬ್ರೆಕ್ಟ್ ಸೇರಿ ಒಂದು ಸಣ್ಣ ಹಾಡುನಾಟಕ ಮಾಡಿದರು. ಕಥೆ ನಡೆಯುವುದು ಮಹಾಗೊನಿ ಎಂಬಲ್ಲಿ, ದುಡ್ಡೇ ದೇವರಾದ ಒಂದು ಕಲ್ಪನೆಯ ಊರು. ವೇದಿಕೆಯ ಮೇಲೆ ಕುಸ್ತಿ ಅಖಾಡದ ಹಾಗೆ ಬಾಕ್ಸಿಂಗ್ ರಿಂಗ್ ಹಾಕಿದ್ದರು. ಉಳಿದ ಹಾಡುಗಾರರೆಲ್ಲ ಆಪೆರಾದಲ್ಲಿ ಪಳಗಿದವರು. ಅವರ ಮಧ್ಯೆ ಪಾಠವೇ ಆಗದ ಲೆನ್ಯಾ. ಹರುಕುಮುರುಕು ಇಂಗ್ಲಿಷಿನ 'ಅಲಬಾಮಾ ಸಾಂಗ್' ಇದರದ್ದೇ. ನಲವತ್ತು ವರ್ಷ ಆದಮೇಲೆ 'ದಿ ಡೋರ್ಸ್' ಎಂಬ ರಾಕ್ ತಂಡ ಅದನ್ನು ಹಾಡಿತು. ನಿಮ್ಮ ಕಿವಿಗೆ ಅದು ಬಿದ್ದಿದ್ದರೂ ಬಿದ್ದಿರಬಹುದು.

ಮುಂದಿನ ವರ್ಷ, 1928ರ ಆಗಸ್ಟ್ 31ರಂದು, ಬರ್ಲಿನ್ನಿನ ಷಿಫ್‌ಬೌವರ್‌ಡಾಮ್ ರಂಗಮಂದಿರದಲ್ಲಿ 'ಥ್ರೀಪೆನ್ನಿ ಆಪೆರಾ' ತೆರೆ ಕಂಡಿತು. ಬ್ರೆಕ್ಟ್ ಅಂದರೆ ನಮ್ಮ ಹವ್ಯಾಸಿ ರಂಗಭೂಮಿಯವರಿಗೆ ಹೊಸಬರೇನಲ್ಲ, ಅಲ್ವಾ? ಅವರಿಗೆ ದೊಡ್ಡ ಹೆಸರು ತಂದ ನಾಟಕ ಇದು. ಕಳ್ಳರು, ಭಿಕ್ಷುಕರ ದಂಧೆ, ಲಂಚಕೋರ ಪೊಲೀಸ್ ಅಧಿಕಾರಿ, ವೇಶ್ಯೆಯರು ಇದರ ಪಾತ್ರಗಳು. ಲೆನ್ಯಾ ಅವರದು ಜೆನ್ನಿ ಎಂಬ ವೇಶ್ಯೆಯ ಪಾತ್ರ. ಸಣ್ಣ ಪಾತ್ರ. ನಾಟಕ ಉದ್ದವಾಯಿತು ಅಂತ ಕೊನೆಯ ಗಳಿಗೆಯಲ್ಲಿ ಅವರ ಒಂದು ಹಾಡನ್ನೂ ಕತ್ತರಿಸಿದ್ದರು. ಅದೂ ಸಾಲದು ಅಂತ ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರೇ ಬಿಟ್ಟುಹೋಗಿತ್ತು. ವೈಲ್ ಕೆಂಡವಾದರು. ಲೆನ್ಯಾನೇ ಗಂಡನನ್ನು ಸಮಾಧಾನ ಮಾಡಿ ವೇದಿಕೆಗೆ ಹೋದರು. ನಾಟಕ ಗೆದ್ದಿತು. ಬರ್ಲಿನ್ನಿನ ಬೀದಿಯಲ್ಲೆಲ್ಲ ಅದರ ಹಾಡು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಲೆನ್ಯಾ ಅವರ ಅತಿ ದೊಡ್ಡ ಹಾಡು 'ಕಡಲ್ಗಳ್ಳಿ ಜೆನ್ನಿ'. ಮೂಲ ನಾಟಕದಲ್ಲಿ ಅದು ಅವರದಲ್ಲ, ನಾಯಕಿ ಪಾಲಿಯದು. 1930ರಲ್ಲಿ ಪಾಬ್ಸ್ಟ್ ಎಂಬ ನಿರ್ದೇಶಕರು ನಾಟಕವನ್ನು ಸಿನಿಮಾ ಮಾಡಿದಾಗ (ತೆರೆ ಕಂಡದ್ದು 1931ರಲ್ಲಿ) ಹಾಡು ಲೆನ್ಯಾ ಪಾಲಿಗೆ ಬಂತು. ಬಂದಮೇಲೆ ಅವರನ್ನು ಬಿಟ್ಟು ಹೋಗಲೇ ಇಲ್ಲ.

ನೀವು ಕೇಳಿದ 'ದನಿ'ಯ ಪ್ರಶ್ನೆಗೆ ಈ ಒಂದು ಹಾಡು ಸಾಕು. ಕೊಳಕು ಹೋಟೆಲಿನಲ್ಲಿ ಲೋಟ ತೊಳೆಯುವ, ಹಾಸಿಗೆ ಸರಿಮಾಡುವ ಒಬ್ಬ ಆಳಿನ ಹುಡುಗಿ. ಬಂದವರು ಚಿಲ್ಲರೆ ಎಸೆಯುತ್ತಾರೆ. ಅವಳು ಮಾತಾಡುವುದಿಲ್ಲ. ಒಳಗೊಳಗೇ ಒಂದು ಕನಸು ಕಾಣುತ್ತಾಳೆ. ಎಂಟು ಹಾಯಿ, ಐವತ್ತು ಫಿರಂಗಿಗಳ ಒಂದು ಹಡಗು ಬರುತ್ತದೆ, ಊರನ್ನೇ ನೆಲಸಮ ಮಾಡುತ್ತದೆ. ಕಡಲ್ಗಳ್ಳರು ಊರವರನ್ನು ಕಟ್ಟಿ ತಂದು ಇವಳನ್ನು ಕೇಳುತ್ತಾರೆ, ಯಾರನ್ನು ಕೊಲ್ಲಬೇಕು ಅಂತ. ಅವಳು ಹೇಳುವುದು ಒಂದೇ ಮಾತು: ಎಲ್ಲರನ್ನೂ.

ಬೇರೆ ಗಾಯಕಿಯರು ಈ ಜಾಗಕ್ಕೆ ಬಂದಾಗ ದನಿ ಏರಿಸುತ್ತಾರೆ. ಲೆನ್ಯಾ ಇಳಿಸುತ್ತಾರೆ. ವಾದ್ಯಗಳು ನಿಲ್ಲುತ್ತವೆ. ಅಂಗಡಿಯಲ್ಲಿ ಎಷ್ಟು ಕೆಜಿ ಬೇಕು ಎಂದು ಕೇಳಿದರೆ ಹೇಳುವ ಹಾಗೆ ಆ ಪದ ಹೇಳುತ್ತಾರೆ. ಆಮೇಲೆ ಒಂದು ತಲೆ ಉರುಳಿದಾಗ 'ಹೊಪ್ಲಾ' ಅನ್ನುತ್ತಾರೆ. ಯಾರಾದರೂ ಎಡವಿದರೆ ಜರ್ಮನರು ಅನ್ನುವ ಮಾತು ಅದು. ಆ ಹಗುರ ದನಿಯಲ್ಲಿ ಎಷ್ಟು ವರ್ಷದ ಅವಮಾನ ತುಂಬಿದೆ ಅಂತ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಬಟ್ಟೆ ಒಗೆಯುವವಳ ಮಗಳು, ತಾನೂ ಇನ್ನೊಬ್ಬರ ಮನೆಯಲ್ಲಿ ಕೆಲಸ ಮಾಡಿದವಳು. ಆ ಹುಡುಗಿಯ ಮನಸ್ಸು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಾಂತ್ರಿಕವಾಗಿ ಏನಾಗುತ್ತಿದೆ ಅಂದರೆ, ಆಪೆರಾ ಕಲಿತವರು ಸ್ವರಾಕ್ಷರದ ಮೇಲೆ ನಿಲ್ಲುತ್ತಾರೆ. 'ಆ', 'ಓ', 'ಈ' ತುಂಬಿಕೊಂಡು ಹರಿಯುತ್ತದೆ. ವ್ಯಂಜನ ಅದರೊಳಗೆ ಕರಗುತ್ತದೆ. ದೊಡ್ಡ ವಾದ್ಯವೃಂದದ ಮೇಲೆ ದನಿ ತೇಲಬೇಕಾದರೆ ಅದು ಬೇಕೇ ಬೇಕು. ಲೆನ್ಯಾ ವ್ಯಂಜನದ ಮೇಲೆ ನಿಲ್ಲುತ್ತಾರೆ. ಪದದ ಅಂಚು ಉಳಿಯುತ್ತದೆ. ವೈಲ್ ಕೂಡ ಅದಕ್ಕೆ ತಕ್ಕ ಹಾಗೆ ಬರೆದರು. 'ಥ್ರೀಪೆನ್ನಿ'ಗೆ ಇದ್ದದ್ದು ಏಳೇ ಜನರ ಬ್ಯಾಂಡು. ಸ್ಯಾಕ್ಸೊಫೋನು, ಬ್ಯಾಂಜೋ, ಹಾರ್ಮೋನಿಯಂ ಇಂಥವು. ಆ ತೆಳುವಾದ ವಾದ್ಯದ ಮೇಲೆ ಮಾತು ಸುಲಭವಾಗಿ ನಿಲ್ಲುತ್ತದೆ. ರಂಗಗೀತೆ ಕಲಿಸುವ ನಮ್ಮ ಹಿರಿಯರು "ಸಾಹಿತ್ಯ ಕೇಳಿಸಲಿ" ಅಂತ ಗದರುತ್ತಿದ್ದರಲ್ಲ, ಅದೇ ಇದು. ಕಂಪನಿ ನಾಟಕದ ಹಾಡನ್ನು ಪ್ರೀತಿಸುವ ಕಿವಿಗೆ ಲೆನ್ಯಾ ದೂರದವರಲ್ಲ. 1929ರಲ್ಲಿ ಒಂದು ಪತ್ರಿಕೆಗೆ ಹೆಂಡತಿಯ ಬಗ್ಗೆ ಸಣ್ಣ ಬರಹ ಬರೆದ ವೈಲ್, ಇವಳಿಗೆ ಸ್ವರಲಿಪಿ ಓದಲು ಬರುವುದಿಲ್ಲ, ಆದರೆ ಹಾಡಿದರೆ ಜನ ಕರೂಸೋ ಹಾಡುತ್ತಿದ್ದಾನೆ ಅನ್ನುವಷ್ಟು ಗಮನದಿಂದ ಕೇಳುತ್ತಾರೆ ಎಂಬ ಅರ್ಥದಲ್ಲಿ ಹೇಳಿದ್ದರು. ಕರೂಸೋ ಆ ಕಾಲದ ಮಹಾಗಾಯಕ. ಗಂಡನ ಅಭಿಮಾನ ಅಂತ ಅದನ್ನು ಪಕ್ಕಕ್ಕಿಡಬೇಡಿ. ವೈಲ್ ಅವರ ಕಿವಿ ಬಹಳ ಕಟ್ಟುನಿಟ್ಟಿನದು.

ಇನ್ನೊಂದು ವಿಷಯ. ನೀವು ಕೇಳಿದ ಆ ಒಡೆದ ದನಿ ಅವರ ಮೊದಲಿನ ದನಿ ಅಲ್ಲವೇ ಅಲ್ಲ. 1930ರ ಹೊತ್ತಿನ ಧ್ವನಿಮುದ್ರಿಕೆ ಕೇಳಿ. ತೆಳ್ಳಗೆ, ಎತ್ತರಕ್ಕೆ, ಚಿಕ್ಕ ಹುಡುಗಿಯ ಹಾಗೆ ಇದೆ. ಐವತ್ತರ ದಶಕದ ಹೊತ್ತಿಗೆ ದನಿ ಇಳಿದು, ಗೊರಗೊರ ಸೇರಿಕೊಂಡಿತ್ತು. ಆಗ ಅವರಿಗಾಗಿ ಹಾಡುಗಳ ಶ್ರುತಿ ಇಳಿಸಿದರು. 1933ರಲ್ಲಿ ವೈಲ್ ಬರೆದ 'ಏಳು ಮಹಾಪಾಪಗಳು' ಎಂಬ ಹಾಡು-ಬ್ಯಾಲೆಯನ್ನು 1956ರಲ್ಲಿ ಧ್ವನಿಮುದ್ರಿಸುವಾಗ ಮಧ್ಯಮದ ಜಾಗದಿಂದ ಷಡ್ಜಕ್ಕೆ ಬಂದಷ್ಟು ಕೆಳಕ್ಕೆ ಇಳಿಸಿದರು. ಇದು ವೈಲ್ ಬರೆದದ್ದಲ್ಲ ಅಂತ ಇವತ್ತಿಗೂ ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಮೂಲದ ಎತ್ತರದಲ್ಲಿ ಕೇಳಿದರೆ ಆ ಸಂಗೀತದ ಮುಗ್ಧತೆ ಬೇರೆಯೇ. ಆದರೂ ಎರಡರಲ್ಲಿ ಒಂದನ್ನು ಇಟ್ಟುಕೋ ಅಂದರೆ ನಾನು ಇಳಿಸಿದ ಲೆನ್ಯಾನೇ ಇಟ್ಟುಕೊಳ್ಳುತ್ತೇನೆ. ಹುಡುಗಿ ಹಾಡಿದಾಗ ಆ ಪಾಪಗಳು ಮುಂದೆ ಆಗಬೇಕಾದವು. ಐವತ್ತೇಳರ ಹೆಂಗಸು ಹಾಡಿದಾಗ ಆಗಿಹೋದವು.

ಈಗ ಗಂಡನ ವಿಚಾರ. ಇದು ನೇರವಾದ ಕಥೆಯಲ್ಲ. ನಾತ್ಸಿಗಳು ಬಂದಾಗ ವೈಲ್‌ಗೆ ಉಳಿಗಾಲ ಇರಲಿಲ್ಲ. ಅವರು ಯಹೂದಿ, ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡುವವರ ಮಗ. 1930ರಲ್ಲಿ ಲೈಪ್ಸಿಗ್‌ನಲ್ಲಿ ಅವರ ಆಪೆರಾ ನಡೆಯುವಾಗಲೇ ನಾತ್ಸಿಗಳು ಗಲಾಟೆ ಎಬ್ಬಿಸಿದ್ದರು. 1933ರ ಮಾರ್ಚ್‌ನಲ್ಲಿ ಅವರು ಪ್ಯಾರಿಸ್ಸಿಗೆ ಓಡಿದರು. ಆ ಹೊತ್ತಿಗೆ ಲೆನ್ಯಾ ಒಬ್ಬ ಹಾಡುಗಾರನ ಜೊತೆ ಬೇರೆ ಇದ್ದರು. ಅದೇ ವರ್ಷ ವಿಚ್ಛೇದನವೂ ಆಯಿತು. ಆದರೆ ಅದೇ ವರ್ಷದ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ 'ಏಳು ಮಹಾಪಾಪಗಳು' ಮೊದಲ ಬಾರಿ ಆಡಿದಾಗ ಹಾಡಿದವರು ಲೆನ್ಯಾ. 1935ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಒಂದೇ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದರು. 1937ರಲ್ಲಿ ಮತ್ತೆ ಮದುವೆಯಾದರು. ಅವರ ಪತ್ರಗಳು ಈಗ ಪುಸ್ತಕವಾಗಿವೆ. ಓದಿದರೆ ಗೊತ್ತಾಗುತ್ತದೆ, ಈ ಇಬ್ಬರಿಗೂ ಜೊತೆಗಿರುವುದೂ ಕಷ್ಟ, ಬಿಟ್ಟಿರುವುದು ಇನ್ನೂ ಕಷ್ಟ.

ಅಮೆರಿಕದಲ್ಲಿ ವೈಲ್ ಬೆಳೆದರು, ಲೆನ್ಯಾ ಮರೆಯಾದರು. ಅವರ ಇಂಗ್ಲಿಷಿನ ಉಚ್ಚಾರಣೆಗೆ ಪಾತ್ರಗಳು ಸಿಗುತ್ತಿರಲಿಲ್ಲ. 1945ರಲ್ಲಿ ಗಂಡನ ಸಂಗೀತದ ಒಂದು ನಾಟಕದಲ್ಲಿ ಮಾಡಿದರು, ಅದು ಸೋತಿತು. ಗಂಡನ ಹೆಸರು ಅವರನ್ನು ಮೇಲೆತ್ತುವುದಾಗಿದ್ದರೆ ಈ ಹದಿನೈದು ವರ್ಷದಲ್ಲೇ ಎತ್ತಬೇಕಿತ್ತು. ಹಾಗೆ ಆಗಲಿಲ್ಲ.

1950ರ ಏಪ್ರಿಲ್ 3ರಂದು ವೈಲ್ ತೀರಿಕೊಂಡರು. ವಯಸ್ಸು ಐವತ್ತು. ಲೆನ್ಯಾಗೆ ಐವತ್ತೊಂದು. ಅವರಿಗೆ ವೇದಿಕೆಗೆ ಮರಳುವ ಧೈರ್ಯವೇ ಇರಲಿಲ್ಲ. ಜಾರ್ಜ್ ಡೇವಿಸ್ ಎಂಬ ಪತ್ರಿಕಾ ಸಂಪಾದಕರು ಬೆನ್ನಿಗೆ ನಿಂತರು. 1951ರಲ್ಲಿ ಅವರನ್ನೇ ಮದುವೆಯಾದರು. ಹಾಡು, ಹಾಡಲೇಬೇಕು ಅಂತ ತಳ್ಳಿದವರು ಡೇವಿಸ್. 1954ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ 'ಥಿಯೇಟರ್ ದ ಲಿಸ್' ಎಂಬ ಪುಟ್ಟ ರಂಗಮಂದಿರದಲ್ಲಿ ಮಾರ್ಕ್ ಬ್ಲಿಟ್ಸ್‌ಸ್ಟೈನ್ ಇಂಗ್ಲಿಷಿಗೆ ತಂದ 'ಥ್ರೀಪೆನ್ನಿ ಆಪೆರಾ' ಶುರುವಾಯಿತು. ಅದೇ ಜೆನ್ನಿ ಪಾತ್ರ, ಇಪ್ಪತ್ತಾರು ವರ್ಷ ಆದಮೇಲೆ. 96 ಪ್ರದರ್ಶನ ಆದಮೇಲೆ ಮಂದಿರ ಬೇರೆಯವರಿಗೆ ಬುಕ್ ಆಗಿತ್ತು ಅಂತ ನಿಲ್ಲಿಸಬೇಕಾಯಿತು. 1955ರಲ್ಲಿ ಮತ್ತೆ ಎದ್ದಿತು. 1961ರವರೆಗೆ ಇನ್ನೂ 2,611 ಪ್ರದರ್ಶನ. ಟೋನಿ ಪ್ರಶಸ್ತಿ ನ್ಯೂಯಾರ್ಕಿನ ನಾಟಕದ ಕೇರಿ ಬ್ರಾಡ್‌ವೇಯ ದೊಡ್ಡ ಮಂದಿರಗಳಿಗೆ ಕೊಡುವಂಥದ್ದು. 1956ರಲ್ಲಿ ಈ ಪುಟ್ಟ ಮಂದಿರದ ಲೆನ್ಯಾಗೆ ಅದನ್ನು ಕೊಟ್ಟರು.

ಅಲ್ಲಿಂದ ಅವರು ಕೂರಲಿಲ್ಲ. 1955ರಲ್ಲಿ ಜರ್ಮನಿಗೆ ಹೋಗಿ ಬರ್ಲಿನ್ ಕಾಲದ ಹಾಡುಗಳನ್ನು ಧ್ವನಿಮುದ್ರಿಸಿದರು. ಆಗ ಬ್ರೆಕ್ಟ್ ಅವರನ್ನೂ ಕಂಡರು. ನೋಡುವವರು ಭಾವದಲ್ಲಿ ಮುಳುಗಬಾರದು, ಯೋಚಿಸಬೇಕು ಅನ್ನುವುದು ಬ್ರೆಕ್ಟ್ ಸಿದ್ಧಾಂತ. ಅವರೆದುರು ಹಾಡಿ, ಇದು ನಿಮ್ಮ ಸಿದ್ಧಾಂತಕ್ಕೆ ಒಪ್ಪುತ್ತದಾ ಎಂದು ಕೇಳಿದರಂತೆ. ನೀನು ಏನು ಮಾಡಿದರೂ ನನಗೆ ಒಪ್ಪಿಗೆ ಅನ್ನುವ ಹಾಗೆ ಬ್ರೆಕ್ಟ್ ಹೇಳಿದರಂತೆ. ಲೆನ್ಯಾನೇ ಹೇಳಿಕೊಂಡ ಕಥೆ ಇದು. ಮುಂದಿನ ವರ್ಷ ಬ್ರೆಕ್ಟ್ ತೀರಿಕೊಂಡರು, 1957ರಲ್ಲಿ ಡೇವಿಸ್ ಕೂಡ. ಲೆನ್ಯಾ ಆ ಸಂಗೀತವನ್ನು ಬಿಡಲಿಲ್ಲ. 1962ರಲ್ಲಿ ಕುರ್ಟ್ ವೈಲ್ ಫೌಂಡೇಶನ್ ಕಟ್ಟಿದರು. ಹಿಟ್ಲರನ ಕಾಲದಲ್ಲಿ ಜರ್ಮನಿಯಿಂದ ಅಳಿಸಿಹಾಕಿದ್ದ ಆ ಹಾಡುಗಳು ಇವತ್ತು ಲೋಕದ ಎಲ್ಲ ಕಡೆ ಕೇಳಿಸುತ್ತಿವೆ ಅಂದರೆ ಅದರಲ್ಲಿ ಈ ಹೆಂಗಸಿನ ಮೂವತ್ತು ವರ್ಷದ ದುಡಿಮೆ ಇದೆ. ಹಾಗಾಗಿ ಗಂಡನಿಂದ ಇವರಿಗೆ ಹೆಸರು ಬಂತಾ ಅಂತ ಕೇಳುವಾಗ, ಇವರಿಂದ ಗಂಡನ ಹೆಸರು ಎಷ್ಟು ಉಳಿಯಿತು ಅಂತಲೂ ಕೇಳಿ.

ಒಂದು ಖುಷಿಯ ಸಂಗತಿ. 1955ರ ಸೆಪ್ಟೆಂಬರ್‌ನಲ್ಲಿ ಜ್ಯಾಸ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ 'ಥ್ರೀಪೆನ್ನಿ ಆಪೆರಾ'ದ 'ಮ್ಯಾಕ್ ದಿ ನೈಫ್' ಹಾಡನ್ನು ಧ್ವನಿಮುದ್ರಿಸುತ್ತಿದ್ದರು. ಲೆನ್ಯಾ ಸ್ಟುಡಿಯೋದಲ್ಲೇ ಇದ್ದರು. ಹಾಡಿನ ಕೊನೆಯಲ್ಲಿ ಪಾತ್ರಗಳ ಹೆಸರು ಸಾಲಾಗಿ ಬರುತ್ತವೆ. ಆರ್ಮ್‌ಸ್ಟ್ರಾಂಗ್ ಅವುಗಳ ನಡುವೆ "ಲೋಟೆ ಲೆನ್ಯಾ" ಅಂತ ಸೇರಿಸಿ ಹಾಡಿಬಿಟ್ಟರು. 1959ರಲ್ಲಿ ಬಾಬಿ ಡಾರಿನ್ ಹಾಡಿದಾಗಲೂ ಆ ಹೆಸರು ಉಳಿಯಿತು, ಹಾಡು ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಮೊದಲ ರಾತ್ರಿ ಕಾರ್ಯಕ್ರಮ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಹಾಡಿನೊಳಗೇ ಕೂತಿತು.

ಸಿನಿಮಾದಲ್ಲಿ ಬಾಂಡ್‌ಗಿಂತ ಮೊದಲೇ, 1961ರ 'ದಿ ರೋಮನ್ ಸ್ಪ್ರಿಂಗ್ ಆಫ್ ಮಿಸೆಸ್ ಸ್ಟೋನ್' ಚಿತ್ರದ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ರೋಜಾ ಕ್ಲೆಬ್ ಅವರಿಗೆ ಒಂದು ಕೆಲಸ, ಅಷ್ಟೇ. ಚೆನ್ನಾಗಿ ಮಾಡಿದರು.

ನನಗೆ ಜಾಸ್ತಿ ಮುಖ್ಯ ಅನಿಸುವುದು 1966ರ ನವೆಂಬರ್ 20. ಅಂದು ಬ್ರಾಡ್‌ವೇಯಲ್ಲಿ 'ಕ್ಯಾಬರೆ' ಎಂಬ ಸಂಗೀತ ನಾಟಕ ಶುರುವಾಯಿತು. ನಾತ್ಸಿಗಳು ಅಧಿಕಾರಕ್ಕೆ ಬರುವ ಮುಂಚಿನ ಬರ್ಲಿನ್. ಬಾಡಿಗೆ ಕೋಣೆಗಳ ಒಡತಿ ಶ್ನೈಡರ್ ಎಂಬ ವಯಸ್ಸಾದ ಹೆಂಗಸು. ಹಣ್ಣಿನ ಅಂಗಡಿಯ ಯಹೂದಿ ಶುಲ್ಟ್ಸ್ ಜೊತೆ ಮದುವೆ ನಿಶ್ಚಯವಾಗಿರುತ್ತದೆ. ಗಾಳಿ ಬದಲಾಗುವುದನ್ನು ನೋಡಿ ಅವಳು ಹೆದರಿ ಮದುವೆ ಮುರಿಯುತ್ತಾಳೆ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಂದು ಹಾಡಿನಲ್ಲಿ ಕೇಳುತ್ತಾಳೆ. ಆ ಪಾತ್ರ ಲೆನ್ಯಾ ಅವರದು. ಯಹೂದಿಯನ್ನು ಮದುವೆಯಾಗಿದ್ದ, ಆ ಬರ್ಲಿನ್ನನ್ನು ಕಣ್ಣಾರೆ ಕಂಡಿದ್ದ ಹೆಂಗಸು, ಆ ಹೇಡಿತನವನ್ನು ಬೈಯದೆ, ಅದಕ್ಕೆ ಬಣ್ಣ ಹಚ್ಚದೆ, ಹಾಗೆಯೇ ಮುಂದಿಟ್ಟರು. 1972ರ ಸಿನಿಮಾದಲ್ಲಿ ಆ ಕಥೆಯನ್ನೇ ತೆಗೆದುಹಾಕಿದರು, ಲೆನ್ಯಾ ಅದರಲ್ಲಿ ಇಲ್ಲ. ನಾಟಕದ ಧ್ವನಿಮುದ್ರಿಕೆ ಸಿಗುತ್ತದೆ, ಅದನ್ನೇ ಕೇಳಿ.

1981ರ ನವೆಂಬರ್ 27ರಂದು ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡರು. ವೈಲ್ ನಂತರ ಮೂರು ಮದುವೆಯಾಗಿದ್ದರೂ ಮಣ್ಣಾದದ್ದು ವೈಲ್ ಪಕ್ಕದಲ್ಲೇ, ಹ್ಯಾವರ್‌ಸ್ಟ್ರಾ ಊರಿನ ಗುಡ್ಡದ ಮೇಲೆ. 1998ರಿಂದ ಅವರ ಹೆಸರಿನಲ್ಲಿ ಯುವ ಗಾಯಕ-ನಟರಿಗೆ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ದನಿ ಒಂದೇ ಇದ್ದರೆ ಸಾಲದು, ನಟನೆಯೂ ಬೇಕು.

ನಿಮಗೊಂದು ಕೆಲಸ ಕೊಡುತ್ತೇನೆ. ಇಂಪು ಹುಡುಕಬೇಡಿ, ಭಾಷೆ ಗೊತ್ತಿಲ್ಲ ಅಂತಲೂ ಚಿಂತೆ ಬೇಡ. 'ಕಡಲ್ಗಳ್ಳಿ ಜೆನ್ನಿ'ಯನ್ನು ಮೊದಲು 1930ರ ಧ್ವನಿಮುದ್ರಿಕೆಯಲ್ಲಿ ಕೇಳಿ, ತಕ್ಷಣ 1955ರದ್ದನ್ನು ಹಾಕಿ. ಯಾರನ್ನು ಕೊಲ್ಲಬೇಕು ಎಂಬ ಪ್ರಶ್ನೆ ಬಂದು ವಾದ್ಯ ನಿಲ್ಲುವ ಜಾಗದಲ್ಲಿ ಕಣ್ಣು ಮುಚ್ಚಿಕೊಳ್ಳಿ. ಎರಡು ಸಲವೂ ಅದೇ ಒಂದು ಪದ.